ಮಾರಿಕುಪ್ಪಂ ಶಾಖೆ, ಮಹಡಿ ಕೋಣೆ: ನಡೆಸುವವರಿಗೊಂದು ಕೈಪಿಡಿ

ಸದರಿ ಕೈಪಿಡಿಯು, ಬಂಗಾರಪೇಟೆ–ಮಾರಿಕುಪ್ಪಂ ರೈಲು ಶಾಖೆಯ ಪುಟ್ಟ ಮಾದರಿಯನ್ನು ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಚಾಂಪಿಯನ್ ರೀಫ್ಸ್‌ನ ಯಾವುದಾದರೊಂದು ಮನೆಯ ಮಹಡಿ ಕೋಣೆಯಲ್ಲಿ ಪ್ಲೈವುಡ್ ಹಲಗೆಯ ಮೇಲೆ ಕಟ್ಟಿ, ಭಾನುವಾರಗಳಂದು ಸ್ನೇಹಿತರೊಡನೆ ನಡೆಸುವವರಿಗೆ ಅನ್ವಯಿಸತಕ್ಕದ್ದು. ಸ್ನೇಹಿತರಿಲ್ಲದವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಅವರಿಗೆ ದುಂಡನೆಯ ಹಳಿ ಒಂದು, ಎಂಜಿನ್ ಒಂದು, ಕುರ್ಚಿ ಒಂದು ಇದ್ದರೆ ಸಾಕು. ಬಂಡಿ ಸುತ್ತುತ್ತದೆ, ಅವರು ನೋಡುತ್ತಾರೆ, ಅರ್ಧ ಗಂಟೆಯಲ್ಲಿ ಇಬ್ಬರಿಗೂ ಬೇಜಾರು.

ನಮ್ಮ ಶಾಖೆ ಸುತ್ತುವುದಿಲ್ಲ. ಚಿನ್ನದ ಗಣಿಗಳಿಗೆಂದೇ 1894ರಲ್ಲಿ ಶುರುವಾದ ಈ ಒಂಟಿ ಹಳಿ, ಬೆಂಗಳೂರು–ಜೋಲಾರಪೇಟೆ ದಾರಿಯಿಂದ ಬಂಗಾರಪೇಟೆಯಲ್ಲಿ ಕವಲೊಡೆದು, ಹದಿನಾರು ಕಿಲೋಮೀಟರ್ ಬಂದು, ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿದುಹೋಗುತ್ತದೆ. ಮುಂದೆ ಹಳಿಯೇ ಇಲ್ಲ. ಹೋದ ಬಂಡಿ ಹೋದ ದಾರಿಯಲ್ಲೇ ವಾಪಸ್ ಬರಬೇಕು, ಬರುವಾಗ ಎದುರಿಗೆ ಇನ್ನೊಂದು ಬರುತ್ತಿರಬಾರದು. ಇಷ್ಟೇ ವಿಷಯ. ಇಷ್ಟೇ ವಿಷಯಕ್ಕೆ ನಾಲ್ಕು ಜನ, ಒಂದು ಗಡಿಯಾರ, ಒಂದು ದಾಖಲೆ ಪುಸ್ತಕ, ಕೆಲವು ಗೋಲಿಗಳು ಮತ್ತು ವರ್ಷಗಟ್ಟಲೆ ನಡೆಯುವ ಜಗಳ ಬೇಕಾಗುತ್ತದೆ. ರೈಲು 12 ವೋಲ್ಟ್ ಕರೆಂಟಿನಲ್ಲಿ ಓಡುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುತ್ತಾರೆ. ಒಂಟಿ ಹಳಿಯ ಶಾಖೆಯಲ್ಲಿ ರೈಲು ಓಡುವುದು ಇನ್ನೊಬ್ಬರ ಒಪ್ಪಿಗೆಯಿಂದ.

ಅಳತೆ

ಎಚ್‌ಒ ಅಳತೆಯನ್ನೇ ಆರಿಸಿಕೊಳ್ಳತಕ್ಕದ್ದು. ಅದರಲ್ಲಿ ಪ್ರತಿಯೊಂದೂ ಅಸಲಿನ 87ನೇ ಒಂದು ಭಾಗ. ಲೆಕ್ಕ ಹಾಕಲು ಕೂರುವ ಮುನ್ನ ಒಂದು ಲೋಟ ನೀರು ಕುಡಿಯಿರಿ.

ಹದಿನಾರು ಕಿಲೋಮೀಟರ್ ಶಾಖೆ ಈ ಅಳತೆಯಲ್ಲಿ 184 ಮೀಟರ್ ಆಗುತ್ತದೆ. ನಿಮ್ಮ ಕೋಣೆ ಹನ್ನೆರಡು ಅಡಿ. ಗೋಡೆಗುಂಟ ಸುತ್ತಿಸಿ ತಂದರೂ ಊರುಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಒಂದು ಪ್ರಯಾಣಿಕರ ಬೋಗಿಯೇ ಸುಮಾರು ಕಾಲು ಮೀಟರ್ ಆಗುವುದರಿಂದ, ಹತ್ತು ಬೋಗಿಯ ಬಂಡಿ ಹೊರಟರೆ ಕೊನೆಯ ಬೋಗಿ ಉರಿಗಾಂ ಬಿಡುವ ಮೊದಲೇ ಎಂಜಿನ್ ಚಾಂಪಿಯನ್‌ನಲ್ಲಿ ಬಂದು ನಿಂತಿರುತ್ತದೆ. ಉರಿಗಾಂನಲ್ಲಿ ಹತ್ತಿದವನು ಬೋಗಿಯಿಂದ ಬೋಗಿಗೆ ನಡೆದುಕೊಂಡೇ ಚಾಂಪಿಯನ್‌ನಲ್ಲಿ ಇಳಿಯಬಹುದು. ಬೋಗಿಗಳನ್ನು ನಾಲ್ಕಕ್ಕೆ ಇಳಿಸಿ. ನೂಕುನುಗ್ಗಲು ಹೆಚ್ಚುತ್ತದೆ, ಅದು ಅಸಲಿಗೆ ಹತ್ತಿರವೇ.

ಆಳದ ವಿಷಯಕ್ಕೆ ಬಂದರೆ ಕಷ್ಟ. ಚಾಂಪಿಯನ್ ರೀಫ್ ಗಣಿ ನೆಲದಿಂದ 3.2 ಕಿಲೋಮೀಟರಿನಷ್ಟು ಕೆಳಗಿಳಿದಿತ್ತು; ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ಪ್ರಾಮಾಣಿಕವಾಗಿ ಮಾದರಿ ಕಟ್ಟುವವರು ಮೇಜಿನ ಕೆಳಗೆ, ಮಹಡಿಯ ತಾರಸಿ ತೂರಿ, ಕೆಳಗಿನ ಮನೆಯವರ ಅಡುಗೆಮನೆ ದಾಟಿ, 37 ಮೀಟರ್ ಅಂದರೆ ನೂರಿಪ್ಪತ್ತು ಅಡಿ ಕೊರೆಯಬೇಕು. ಬೋರ್‌ವೆಲ್ ಲಾರಿಯವರಿಗೆ ಇದು ಬೆಳಗಿನ ಕಾಫಿಗೆ ಮುಂಚಿನ ಕೆಲಸ. ಕೋಲಾರ ಜಿಲ್ಲೆಯಲ್ಲಿ ಆ ಆಳಕ್ಕೆ ನೀರು ಸಿಗುವ ಭಯವೂ ಇಲ್ಲ. ಆದರೆ ಅಲ್ಲೇ ಒಂದು ತೊಡಕು: ಅಸಲಿ ಗಣಿಯಲ್ಲಿ ಈಗ ನೀರು ತುಂಬಿದೆ, ನಿಮ್ಮದು ಒಣಗಿಯೇ ಇರುತ್ತದೆ. ಆದ್ದರಿಂದ ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರವನ್ನಷ್ಟೇ ಕಟ್ಟಿ, ಬಾಯಿಗೆ ಕಪ್ಪು ಕಾಗದ ಅಂಟಿಸಿ ಕೈತೊಳೆದುಕೊಳ್ಳುವುದು.

ಶಿವನಸಮುದ್ರದಿಂದ ಕೆಜಿಎಫ್‌ಗೆ 1902ರಲ್ಲಿ 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತಂದರು. ನಿಮ್ಮ ಅಡಾಪ್ಟರಿನ ವೈರೂ ಅದೇ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಏಳುನೂರು ಮೀಟರ್ ಇರಬೇಕಿತ್ತು. ಗೋಡೆಯ ಪ್ಲಗ್ ಸಾಕು ಅನ್ನುವವರ ಮೇಲೆ ಕ್ರಮ ಕೈಗೊಳ್ಳಲಾಗುವುದಿಲ್ಲ.

ಇನ್ನು ತೂಕ. ನೂರಿಪ್ಪತ್ತು ವರ್ಷದ ಗಣಿಗಾರಿಕೆಯಲ್ಲಿ ಕೆಜಿಎಫ್ ಕೊಟ್ಟ ಚಿನ್ನ ಸುಮಾರು 800 ಟನ್. ಈಗಿನ ಒಂದು ಬಾಕ್ಸ್‌ಎನ್ ವ್ಯಾಗನ್ 58 ಟನ್ ಹೊರುತ್ತದೆ. ಅಂದರೆ ಅಷ್ಟೂ ಚಿನ್ನಕ್ಕೆ ಹದಿನಾಲ್ಕು ವ್ಯಾಗನ್ ಸಾಕು, ಒಂದು ಪೂರ್ತಿ ಗೂಡ್ಸ್ ಬಂಡಿಯೂ ಬೇಕಿಲ್ಲ. ಎಷ್ಟು ತಲೆಮಾರು, ಎಷ್ಟು ಲೈನ್ ಮನೆ, ಎಷ್ಟು ರಾಕ್ ಬರ್ಸ್ಟು, ಕಡೆಗೆ ಹದಿನಾಲ್ಕು ವ್ಯಾಗನ್. ಉದ್ದ, ಅಗಲ, ಎತ್ತರ ಮೂರೂ 87ನೇ ಒಂದು ಭಾಗಕ್ಕೆ ಕುಗ್ಗುವುದರಿಂದ, ಮಾದರಿಯಲ್ಲಿ ಆ ಚಿನ್ನ ಒಂದು ಕಿಲೋ ಇನ್ನೂರು ಗ್ರಾಂ ತೂಗುತ್ತದೆ. ಅಸಲಿ ಚಿನ್ನವೇ ಹಾಕುವ ಆಸೆಯಿದ್ದವರು ಮನೆಯವರನ್ನು ಕೇಳಿ ನೋಡಬಹುದು. ಆದರೆ ಗಣಿ ಹಿಂದೆ ಬಿಟ್ಟುಹೋದ ಸೈನೈಡ್ ದಿಬ್ಬಗಳು ಮೂರು ಕೋಟಿ ಟನ್ನಿಗೂ ಹೆಚ್ಚು. ಅದೇ ಲೆಕ್ಕದಲ್ಲಿ ಅವು ನಲವತ್ತೈದು ಟನ್ ದಾಟುತ್ತವೆ, ಮಹಡಿ ತಡೆಯುವುದಿಲ್ಲ. ಥರ್ಮಾಕೋಲ್ ಬಳಸಿ. ಮೇಲೆ ಉದುರಿಸಲು ಪುಡಿಗಾಗಿ ಅಂಗಡಿಗೆ ಹೋಗುವ ಅಗತ್ಯವಿಲ್ಲ. ಬೇಸಿಗೆಯ ಗಾಳಿಯಲ್ಲಿ ಕಿಟಕಿ ತೆರೆದಿಟ್ಟರೆ ದಿಬ್ಬವೇ ಬಂದು ಕೂರುತ್ತದೆ. ಇದು ತಮಾಷೆಗೆ ಬರೆದದ್ದು. ಉಸಿರಾಡುವವರು ಕಿಟಕಿ ಮುಚ್ಚಿಕೊಳ್ಳತಕ್ಕದ್ದು.

ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಅದು ಯುರೋಪು, ಅಮೆರಿಕಗಳ ಹಳಿಗೆ ಲೆಕ್ಕ ಹಾಕಿ ಮಾಡಿದ್ದು. ನಮ್ಮ ದೊಡ್ಡ ಹಳಿ 1,676 ಮಿಲಿಮೀಟರ್, ಅದರ 87ನೇ ಒಂದು ಭಾಗ ಹತ್ತೊಂಬತ್ತು ಮಿಲಿಮೀಟರಿಗೂ ಮೇಲೆ. ಹಾಗಾಗಿ ನಿಮ್ಮ ಮಾರಿಕುಪ್ಪಂ ಬಂಡಿ ಎಷ್ಟೇ ಅಂದವಾಗಿ ಕಟ್ಟಿದರೂ ಕಾಲು ಕೂಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಇದಕ್ಕೆ ಮದ್ದಿಲ್ಲ. ಸಮಾಧಾನವೊಂದಿದೆ: ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಬಂದ ಪುಟ್ಟ ರೈಲಿನ ಹಳಿ 762 ಮಿಲಿಮೀಟರ್. ಅದು ಮಾದರಿಯಲ್ಲಿ ಎಂಟೂ ಮುಕ್ಕಾಲು ಮಿಲಿಮೀಟರ್ ಆಗುತ್ತದೆ, ಅಂಗಡಿಯಲ್ಲಿ ಸಿಗುವುದು 9. ಕೂದಲೆಳೆಯ ವ್ಯತ್ಯಾಸ. ಇಂದಿಗೂ ಓಡುತ್ತಿರುವ ಶಾಖೆಯನ್ನು ಸರಿಯಾಗಿ ಮಾಡಲು ಬರುವುದಿಲ್ಲ, ಕಿತ್ತುಹಾಕಿದ ಹಳಿಯನ್ನು ಕರಾರುವಾಕ್ಕಾಗಿ ಹಾಸಬಹುದು. ಬಂಗಾರಪೇಟೆಯ ಒಂದು ಮೂಲೆಯಲ್ಲಿ ಆ ಪುಟ್ಟ ಹಳಿಯನ್ನೂ ಮೊಣಕೈಯಷ್ಟು ಉದ್ದ ಹಾಕಿಕೊಳ್ಳಿ. ಅಪ್ಪನ ಕೈಹಿಡಿದು ಅದರಲ್ಲಿ ಕೋಲಾರಕ್ಕೆ ಹೋಗಿದ್ದವರು ಯಾರಾದರೂ ಬಂದರೆ ಬೇರೇನನ್ನೂ ನೋಡುವುದಿಲ್ಲ.

ಇಸವಿ

ಮೊದಲ ಮೊಳೆ ಹೊಡೆಯುವ ಮುನ್ನ ನಿಮ್ಮ ಹಲಗೆಯ ಮೇಲೆ ಇದು ಯಾವ ಇಸವಿ ಎಂದು ಎಲ್ಲರೂ ಕೂತು ತೀರ್ಮಾನಿಸತಕ್ಕದ್ದು. ಈ ಸಭೆಗೆ ಒಂದು ದಿನ ಸಾಲದು.

ಉಗಿ ಎಂಜಿನ್ ಬೇಕೆನ್ನುವವರು ಇಪ್ಪತ್ತನೇ ಶತಮಾನದ ಆರಂಭಕ್ಕೆ ಹೋಗಲಿ. ಆಗ ಗಣಿಗಳು ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿ. ಜಂಕ್ಷನ್ನಿನ ಬೋರ್ಡಿನಲ್ಲಿ ಬೌರಿಂಗ್‌ಪೇಟೆ ಎಂದೇ ಬರೆಸಬೇಕು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು ಅದು. ಆ ಕಾಲದಲ್ಲಿ ಒಳಬರುವುದು ಬರೀ ಭಾರ: ಕಲ್ಲಿದ್ದಲು, ಮರದ ದಿಮ್ಮಿ, ಯಂತ್ರಗಳು. ಹೊರಹೋಗುವುದು ಒಂದು ಪೆಟ್ಟಿಗೆ. ಬಂದ ವ್ಯಾಗನ್‌ಗಳೆಲ್ಲ ಖಾಲಿ ವಾಪಸ್. ಶಂಟಿಂಗ್ ಇಷ್ಟಪಡುವವರಿಗೆ ಇದಕ್ಕಿಂತ ಸ್ವರ್ಗವಿಲ್ಲ. ಇನ್ನೊಂದು ಅನುಕೂಲವೂ ಇದೆ. ಅಂಗಡಿಯಲ್ಲಿ ಸಿಗುವ ಎರಡು ಸೆಂಟಿಮೀಟರಿನ ಜರ್ಮನ್ ಬೊಂಬೆಗಳು ಕೋಟು, ಹ್ಯಾಟು ತೊಟ್ಟಿರುತ್ತವೆ. ಬೇರೆ ಊರಿನ ಮಾದರಿಯವರು ಅವಕ್ಕೆಲ್ಲ ಬಣ್ಣ ಬಳಿದು ಪಂಚೆ ಉಡಿಸಬೇಕು. ನೀವು ನಾಲ್ಕೈದನ್ನು ಹಾಗೆಯೇ ಕೆಜಿಎಫ್ ಕ್ಲಬ್ಬಿನ ಮುಂದೆ ನಿಲ್ಲಿಸಿ, ದೊರೆಗಳು ಅನ್ನಬಹುದು.

ಡೀಸೆಲ್ ಎಂಜಿನ್ ಇರುವವರು ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಕಾಲವನ್ನು, ಅಂದರೆ 1972ರಿಂದ ಈಚೆಗಿನದನ್ನು ಕೇಳುತ್ತಾರೆ. ಅಲ್ಲಿ ಒಂದು ಗಡಿರೇಖೆ ಇದೆ: 2001ರ ಫೆಬ್ರವರಿ 28. ಅವತ್ತು ಗಣಿ ಮುಚ್ಚಿತು. ಹಿಂದಿನ ದಿನವನ್ನು ಆರಿಸಿದರೆ ಶಾಫ್ಟಿನ ಗಾಲಿ ತಿರುಗಬೇಕು, ಪಾಳಿಗೆ ಜನ ಇಳಿಯಬೇಕು. ಮರುದಿನವನ್ನು ಆರಿಸಿದರೆ ಅದೇ ಗೋಪುರ, ಅದೇ ಲೈನ್ ಮನೆಗಳು, ಅದೇ ಹಳಿ; ಬೊಂಬೆಗಳನ್ನು ಮಾತ್ರ ತೆಗೆದು ಸ್ಟೇಷನ್ನಿಗೆ ತರಬೇಕು. ಕತ್ತಲಿರುವಾಗಲೇ ಅಷ್ಟೂ ಬೊಂಬೆಗಳು ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ ಪ್ಲಾಟ್‌ಫಾರಮ್ಮಿನಲ್ಲಿ ಬೆಂಗಳೂರಿನ ಕಡೆ ಮುಖ ಮಾಡಿ ನಿಲ್ಲುತ್ತವೆ, ರಾತ್ರಿ ಅಷ್ಟೂ ವಾಪಸ್ ಇಳಿಯುತ್ತವೆ. ಗಣಿಗೆಂದು ಹಾಕಿದ ಹಳಿ ಗಣಿ ಮುಚ್ಚಿದ ಮೇಲೆ ಮೊದಲಿಗಿಂತ ಹೆಚ್ಚು ಜನರಿಗೆ ಅನ್ನ ಕೊಡುತ್ತಿದೆ ಅಂತ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಬೆಳಗ್ಗೆ ನಿಂತವರಿಗೆ ಅನ್ನಿಸದೆ ಇರದು. ಮಾದರಿ ರೈಲಿನ ಮಟ್ಟಿಗೆ ಹೇಳುವುದಾದರೆ ಈ ಕಾಲ ನಡೆಸಲು ಸುಲಭ, ಎಲ್ಲರನ್ನೂ ಸೇರಿಸಿಕೊಂಡು ಕೂರಲು ಕಷ್ಟ. ನಿಮ್ಮ ಸ್ನೇಹಿತರಲ್ಲಿ ಒಬ್ಬರ ಅಪ್ಪ ಕೊನೆಯ ಪಾಳಿಯಲ್ಲಿದ್ದಿರಬಹುದು. ಅವರು ಹಿಂದಿನ ದಿನವೇ ಇರಲಿ ಎಂದರೆ ಮತ ಎಣಿಕೆ ಮಾಡದೆ ಒಪ್ಪಿಕೊಳ್ಳತಕ್ಕದ್ದು.

2018ರಲ್ಲಿ ತೆರೆಕಂಡ ‘ಕೆಜಿಎಫ್’ ಸಿನಿಮಾದಿಂದಾಗಿ ನಿಮ್ಮ ದಿಬ್ಬ ನೋಡಿದ ಮಕ್ಕಳು ಯಶ್ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ಗಡ್ಡದ ಬೊಂಬೆಯೊಂದನ್ನು ಮೊದಲೇ ತಯಾರಿಟ್ಟುಕೊಳ್ಳಿ.

ಸಿಬ್ಬಂದಿ ನೇಮಕ

ಮನೆ ಯಜಮಾನರಿಗೆ ಯಾವ ಅಧಿಕಾರದ ಹುದ್ದೆಯನ್ನೂ ಕೊಡಕೂಡದು. ಹಲಗೆ ಅವರದು, ಎಂಜಿನ್ ಅವರದು, ದುಡ್ಡು ಅವರದು. ಇನ್ನೊಬ್ಬರು ಸ್ವಲ್ಪ ಜೋರಾಗಿ ತಿರುವಿನಲ್ಲಿ ಓಡಿಸಿದರೆ ಅವರ ಮುಖ ನೋಡಲಾಗುವುದಿಲ್ಲ. ಅವರನ್ನು ಪಾಯಿಂಟ್ಸ್‌ಮನ್ ಮಾಡಿ. ಹಳಿ ತಪ್ಪಿದ್ದನ್ನು ಎತ್ತಿಡುವುದು, ಗಾಲಿ ಒರೆಸುವುದು, ಕಾಫಿ ತರುವುದು ಅವರ ಪಾಲು. ಮಾದರಿ ರೈಲು ನಡೆಸುವ ಹಲವು ಕಡೆ ಇದೇ ಪದ್ಧತಿ: ಮನೆಯವನು ಬಂಡಿ ಓಡಿಸುವುದಿಲ್ಲ.

ದಿನಾ ಬೆಂಗಳೂರಿಗೆ ಹೋಗಿಬರುವ ಸ್ನೇಹಿತರನ್ನು ಕಂಟ್ರೋಲರ್ ಆಗಿ ನೇಮಿಸುವ ಮುನ್ನ ಎರಡು ಸಲ ಯೋಚಿಸಿ. ಇಷ್ಟು ವರ್ಷ ಔಟರ್ ಸಿಗ್ನಲ್ಲಿನಲ್ಲಿ ಕಾರಣ ತಿಳಿಯದೆ ನಿಂತವರು ಅವರು. ಕೈಗೆ ಅಧಿಕಾರ ಬಂದ ಮೊದಲ ಭಾನುವಾರವೇ ಎಲ್ಲ ಬಂಡಿಗಳನ್ನೂ ಬಂಗಾರಪೇಟೆಯ ಹೊರಗೆ ನಿಲ್ಲಿಸಿ, ಪೇಪರ್ ಓದುತ್ತಾ ಕೂರುತ್ತಾರೆ. ಯಾಕೆ ಸಾರ್ ಅಂದರೆ ಕ್ರಾಸಿಂಗ್ ಇದೆ ಅನ್ನುತ್ತಾರೆ. ಕ್ರಾಸಿಂಗ್ ಇರುವುದಿಲ್ಲ.

ಬಿಇಎಂಎಲ್‌ನಲ್ಲಿ ಬುಲ್ಡೋಜರ್ ಜೋಡಿಸಿ ನಿವೃತ್ತರಾದವರೊಬ್ಬರು ನಿಮ್ಮ ಬಳಗದಲ್ಲಿ ಇದ್ದೇ ಇರುತ್ತಾರೆ. ಲೋಕೋ ಶೆಡ್ ಅವರಿಗೆ ಬಿಡಿ. ಅಕ್ಕಿಕಾಳಿನಷ್ಟು ಸ್ಕ್ರೂ ಅವರ ಬೆರಳಿಗೆ ಸಿಗುವುದಿಲ್ಲ, ಬೈಯುತ್ತಲೇ ಇರುತ್ತಾರೆ, ಆದರೆ ಸಂಜೆಯ ಹೊತ್ತಿಗೆ ಎಂಜಿನ್ ಓಡಿರುತ್ತದೆ.

ಕಂಟ್ರೋಲರ್ ಹುದ್ದೆಗೆ ಎಲ್ಲರಿಗಿಂತ ಯೋಗ್ಯರು ನಿವೃತ್ತ ಶಾಲಾ ಶಿಕ್ಷಕಿ. ಸಿಕ್ಕರೆ ಬಿಡಬೇಡಿ. ಅರವತ್ತು ದಾಟಿದ ಡ್ರೈವರು ಕೂಡ ಅವರ ಮುಂದೆ ಎದ್ದುನಿಂತು "ಹೇಳಿ ಮಿಸ್" ಅನ್ನುತ್ತಾನೆ. ಏಳನೇ ಕ್ಲಾಸಿನಲ್ಲಿ ಅವರ ಕೈಯಲ್ಲಿ ಏಟು ತಿಂದಿರುತ್ತಾನೆ. ಅವರು ಕೆಂಪು ಇಂಕಿನಲ್ಲಿ ಬರೆದ ವೇಳಾಪಟ್ಟಿಯನ್ನು ಮೀರಿ ಯಾರೂ ಬಂಡಿ ಬಿಟ್ಟ ದಾಖಲೆಯಿಲ್ಲ.

ಭಾಷೆಯ ಬಗ್ಗೆ ನಿಯಮ ಮಾಡಲು ಹೋಗಬೇಡಿ, ಕೆಜಿಎಫ್‌ನಲ್ಲಿ ಅದು ತಾನಾಗಿಯೇ ಆಗಿದೆ. ಬಂಡಿ ನಂಬರು ಇಂಗ್ಲಿಷಿನಲ್ಲಿ, ಜಗಳ ತಮಿಳಿನಲ್ಲಿ, ಇನ್ನೊಂದು ರೌಂಡು ಬಿಡಿ ಎಂಬ ಗೋಗರೆತ ತೆಲುಗಿನಲ್ಲಿ, ದಾಖಲೆ ಪುಸ್ತಕ ಕನ್ನಡದಲ್ಲಿ. "ಲೈನ್ ಕ್ಲಿಯರ್" ಎಂಬುದು ನಾಲ್ಕಕ್ಕೂ ಸೇರಿದ್ದು.

ಸುಮ್ಮನೆ ನೋಡಿಹೋಗಲು ಬರುವವರು ಇರುತ್ತಾರೆ. 1965ರಲ್ಲಿ ಇದೇ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಕೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ಹೆಚ್ಚೂಕಡಿಮೆ ಏನನ್ನೂ ತಾಗದೆ ಇಡೀ ಭೂಮಿಯನ್ನೇ ತೂರಿಹೋಗುವ ಕಣಗಳು ಅವು. ಸದರಿ ಅತಿಥಿಗಳನ್ನು ದಾಖಲೆ ಪುಸ್ತಕದಲ್ಲಿ ನ್ಯೂಟ್ರಿನೊ ಎಂದೇ ನಮೂದಿಸಿ. ತಾಗಿದರೆ ಆ ಹೆಸರು ಕಳೆದುಕೊಳ್ಳುತ್ತಾರೆ. ಬರೀ ನೋಡುವ ಆಸೆಯಿದ್ದವರಿಗೆ ಪುಣೆಯಲ್ಲಿ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ಇದೆ, 1998ರಿಂದ ತೆರೆದಿದೆ, ಟಿಕೆಟ್ ಕೊಂಡು ಕೂತರೆ ಸೊಗಸಾಗಿ ತೋರಿಸುತ್ತಾರೆ. ಚಾಂಪಿಯನ್ ರೀಫ್ಸ್‌ಗೆ ಬಂದವರು ದುಡಿಯಬೇಕು.

ಗಡಿಯಾರ

ದೂರವನ್ನು ಕುಗ್ಗಿಸಿದ್ದೀರಿ, ಹೊತ್ತನ್ನೂ ಕುಗ್ಗಿಸಬೇಕು. ಮಾದರಿಯ ಒಂದು ಗಂಟೆಗೆ ನಿಮ್ಮ ಹತ್ತು ನಿಮಿಷ. ನಾಲ್ಕು ಗಂಟೆಯಲ್ಲಿ ಇಡೀ ದಿನ ಮುಗಿಯುತ್ತದೆ. ಅಮೆರಿಕದ ಫ್ರಾಂಕ್ ಎಲಿಸನ್ 1940ರ ದಶಕದಲ್ಲೇ ಹಲಗೆಯನ್ನು ರಂಗವೇದಿಕೆಯಂತೆ, ರೈಲುಗಳನ್ನು ಪಾತ್ರಧಾರಿಗಳಂತೆ ಕಂಡು ಬರೆದಿದ್ದರು. ಕಂಪನಿ ನಾಟಕ ನೋಡಿದವರಿಗೆ ಮುಂದಿನದು ಹೇಳಬೇಕಿಲ್ಲ: ಪ್ರವೇಶಕ್ಕೆ ಮೊದಲು ಪರದೆಯ ಹಿಂದೆ ಕಾಯುವುದೇ ಹೆಚ್ಚು. ನಿಮ್ಮ ಸ್ನೇಹಿತರು ನಾಲ್ಕು ಗಂಟೆಯಲ್ಲಿ ಮೂರು ಗಂಟೆ ಕಾಯುತ್ತಾರೆ. ದೂರು ಬಂದರೆ ಸ್ವೀಕರಿಸಿ, ಡಬ್ಬದಲ್ಲಿ ಹಾಕಿ. ಅವರು ಬರುವುದೇ ಅದಕ್ಕೆ.

ತಿಂಡಿ

ಬಂಗಾರಪೇಟೆ ಪಾನಿಪುರಿಯನ್ನು ಹಲಗೆಯಿಂದ ಆರಡಿ ದೂರವಿಡತಕ್ಕದ್ದು. ಬೇರೆ ಊರಿನ ಪಾನಿ ಹಸಿರಾಗಿರುತ್ತದೆ, ಚೆಲ್ಲಿದರೆ ಕಾಣುತ್ತದೆ, ಚೆಲ್ಲಿದವನು ಸಿಕ್ಕಿಬೀಳುತ್ತಾನೆ. ನಮ್ಮದು ತಿಳಿನೀರಿನ ಹಾಗೆ ಕಣ್ಣಿಗೇ ಕಾಣದು. ಉಪ್ಪು, ಹುಳಿ ಸೇರಿದ ಆ ನೀರು ಎರಡು ಹಳಿಗಳ ನಡುವೆ ನಿಂತರೆ ಕರೆಂಟು ಅಡ್ಡದಾರಿ ಹಿಡಿಯುತ್ತದೆ, ಬಂಡಿ ನಿಂತಲ್ಲೇ ನಿಲ್ಲುತ್ತದೆ, ಒಂದು ಗಂಟೆ ಎಲ್ಲರೂ ವೈರು ಹುಡುಕುತ್ತಾರೆ. ಅಂಥ ಸಂದರ್ಭದಲ್ಲಿ ಹಳಿಯನ್ನು ಮೂಸಿ ನೋಡುವುದೇ ಸರಿಯಾದ ಕ್ರಮ.

ದೋಷಗಳು

ಬಂಡಿ ಎಳೆದೆಳೆದು ಓಡಿದರೆ ಹಳಿಯನ್ನು ಸ್ಪಿರಿಟ್ ಅದ್ದಿದ ಹತ್ತಿಬಟ್ಟೆಯಲ್ಲಿ ಒರೆಸಿ. ಮರಳು ಕಾಗದ ಮುಟ್ಟಬೇಡಿ, ಗೀರಿನಲ್ಲಿ ದೂಳು ಕೂರುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಳಿ ತಪ್ಪಿದರೆ ಬೋಗಿಯನ್ನು ಬೈಯದೆ ಜೋಡಣೆಯ ಮೇಲೆ ಉಗುರು ಸವರಿ ನೋಡಿ. ಇಡೀ ಹಲಗೆ ಅದುರಿ ಬೊಂಬೆಗಳು ಬಿದ್ದರೆ ಕೆಳಗೆ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದಾರೆ. ಗಣಿ ಇದ್ದ ಕಾಲದಲ್ಲಿ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿದ್ದದ್ದನ್ನು ಕಂಡವರು ಇದನ್ನು ಹಾಸ್ಯ ಮಾಡಲಾರರು. ಅವರಿರುವಾಗ ದಾಖಲೆ ಪುಸ್ತಕದಲ್ಲಿ ಚಟ್ನಿ ಎಂದೇ ಬರೆಯಿರಿ. ಹೊರಡುವಾಗ ಪ್ಲಗ್ ಕೀಳುವುದು ಕಡ್ಡಾಯ. ಕ್ಯಾಲಿಫೋರ್ನಿಯಾದ ಜಾನ್ ಅಲೆನ್ ಇಪ್ಪತ್ತು ವರ್ಷ ಕಟ್ಟಿದ ಜಗತ್ಪ್ರಸಿದ್ಧ ಮಾದರಿ, 1973ರ ಜನವರಿಯಲ್ಲಿ ಆತ ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿಗೆ ಆಹುತಿಯಾಯಿತು.

ಗೋಲಿ

ಒಂಟಿ ಹಳಿಯ ದಾರಿಗಳಲ್ಲಿ ನಮ್ಮ ರೈಲ್ವೆ ದಶಕಗಟ್ಟಲೆ ಬಳಸಿದ್ದು ನೀಲ್ಸ್ ಬಾಲ್ ಟೋಕನ್ ಎಂಬ ಯಂತ್ರ. ಎರಡು ಸ್ಟೇಷನ್ನುಗಳಲ್ಲಿ ಎರಡು ಪೆಟ್ಟಿಗೆ, ನಡುವೆ ತಂತಿ. ಆ ಕಡೆಯ ಸ್ಟೇಷನ್ ಮಾಸ್ಟರ್ ಒಪ್ಪಿದರೆ ಮಾತ್ರ ಈ ಕಡೆಯ ಪೆಟ್ಟಿಗೆಯಿಂದ ಉಕ್ಕಿನ ಚೆಂಡೊಂದು ಹೊರಬೀಳುತ್ತದೆ. ಅದು ಹೊರಗಿರುವಷ್ಟು ಹೊತ್ತು ಎರಡೂ ಪೆಟ್ಟಿಗೆಗಳಿಂದ ಇನ್ನೊಂದು ಬರುವುದಿಲ್ಲ. ಚೆಂಡು ಕೈಯಲ್ಲಿದ್ದ ಡ್ರೈವರಿಗೆ ಆ ಹಳಿಯ ಮೇಲೆ ಹಕ್ಕು. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಏರ್ಪಾಟನ್ನು ಮನುಷ್ಯರು ಬೇರೆ ಯಾವ ವ್ಯವಹಾರಕ್ಕೂ ಕಂಡುಹಿಡಿದಂತಿಲ್ಲ. ಮಹಡಿ ಕೋಣೆಯಲ್ಲಿ ಯಂತ್ರ ಬೇಡ. ಎರಡು ಸ್ಟೇಷನ್ನುಗಳ ನಡುವಿನ ಒಂದೊಂದು ತುಂಡಿಗೂ ಒಂದೊಂದು ಬಣ್ಣದ ಗಾಜಿನ ಗೋಲಿ. ಚಾಂಪಿಯನ್–ಮಾರಿಕುಪ್ಪಂಗೆ ನೀಲಿ. ನೀಲಿ ಗೋಲಿ ಅಂಗೈಯಲ್ಲಿಲ್ಲದವನು ಎಂಜಿನ್ ಮುಟ್ಟಕೂಡದು, ಅವನು ಮನೆಯ ಯಜಮಾನನೇ ಆಗಿದ್ದರೂ.

ನಿಯಮ ತಿಂಗಳೊಪ್ಪತ್ತು ಚೆನ್ನಾಗಿ ನಡೆಯುತ್ತದೆ. ಆಮೇಲೆ ಒಂದು ಭಾನುವಾರ ಮಾರಿಕುಪ್ಪಂ ಸ್ಟೇಷನ್ ಮಾಸ್ಟರ್ ಆಗಿದ್ದ ಸ್ನೇಹಿತರು ಮಾತಿನ ಭರದಲ್ಲಿ ನೀಲಿ ಗೋಲಿಯನ್ನು ಅಂಗಿ ಜೇಬಿಗೆ ಹಾಕಿಕೊಂಡು ಆಂಡರ್‌ಸನ್‌ಪೇಟೆಯ ತಮ್ಮ ಮನೆಗೆ ಹೊರಟುಹೋಗುತ್ತಾರೆ. ಮರುದಿನ ಇಬ್ಬರು ಬಂಡಿ ಬಿಡಲೆಂದು ಕೂತಾಗ ಗೋಲಿ ಇರುವುದಿಲ್ಲ. ಪೇಟೆಯಿಂದ ಇನ್ನೊಂದು ನೀಲಿ ಗೋಲಿ ತರೋಣ ಅನ್ನುವವನನ್ನು ಆ ದಿನದ ಮಟ್ಟಿಗೆ ಅಮಾನತಿನಲ್ಲಿಡಿ. ಇವತ್ತು ನಕಲಿ ಗೋಲಿ ತಂದವನು ನಾಳೆ ನಕಲಿ ಸಹಿ ಹಾಕುತ್ತಾನೆ. ಟೋಕನ್ ಸಿಗದಾಗ ಅಸಲಿ ರೈಲ್ವೆಯಲ್ಲಿ ಪೇಪರ್ ಲೈನ್ ಕ್ಲಿಯರ್ ಟಿಕೆಟ್ ಬರೆದುಕೊಡುತ್ತಾರೆ. ಅದಕ್ಕೆ ಮುಂದಿನ ಸ್ಟೇಷನ್ನಿನ ಒಪ್ಪಿಗೆ ಬೇಕು, ಒಪ್ಪಿಗೆಗೆ ಸಾಕ್ಷಿಯಾಗಿ ಅವರು ತಮ್ಮ ಹಾಳೆಯಿಂದ ಒಂದು ಪ್ರೈವೇಟ್ ನಂಬರ್ ಹೇಳಬೇಕು. ಮುಂದಿನ ಸ್ಟೇಷನ್ ಮಾರಿಕುಪ್ಪಂ. ಅದರ ಮಾಸ್ಟರು, ಗೋಲಿ, ನಂಬರಿನ ಹಾಳೆ ಮೂರೂ ಆಂಡರ್‌ಸನ್‌ಪೇಟೆಯಲ್ಲಿ ಊಟಕ್ಕೆ ಕೂತಿವೆ.

ಫೋನ್ ಮಾಡಿ. ಅವರು ಮೊದಲು ಎಲ್ಲ ಚೆನ್ನಾಗಿದ್ದಾರಾ ಅನ್ನುತ್ತಾರೆ, ಚೆನ್ನಾಗಿದ್ದಾರೆ ಅನ್ನಿ. ಬಂಡಿ ನಂಬರು ಹೇಳಿ, ಲೈನ್ ಕ್ಲಿಯರ್ ಕೇಳಿ. ಅವರು ಬಾಯಲ್ಲಿ ತುತ್ತಿಟ್ಟುಕೊಂಡೇ "ಬಿಡ್ರೀ, ಏನಾಗುತ್ತೆ" ಎಂದರೆ ಅದು ಒಪ್ಪಿಗೆಯಲ್ಲ. ನಂಬರು ಕೊಡದೆ ಫೋನ್ ಇಟ್ಟರೆ ಹತ್ತು ನಿಮಿಷ, ಅಂದರೆ ಮಾದರಿಯ ಒಂದು ಗಂಟೆ ಕಾದು ಮತ್ತೆ ಮಾಡಿ. ಅಲ್ಲಿಯವರೆಗೂ ಬಂಡಿ ಚಾಂಪಿಯನ್‌ನಲ್ಲೇ ನಿಂತಿರತಕ್ಕದ್ದು. ತಡವಾದುದಕ್ಕೆ ಕಾರಣ ಎಂಬ ಕಾಲಂನಲ್ಲಿ "ಸಾರು" ಎಂದು ಬರೆಯಿರಿ.